ಲೋಹದ ರಕ್ಷಣಾ ಲೇಪನದಲ್ಲಿ ಏಳುವ ಗುಳ್ಳೆ, ಲೇಪನದಡಿಯ ತುಕ್ಕು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಉತ್ತರಗಳು ಮುಖ್ಯವಾಗಿ ಉಕ್ಕಿಗೆ ಹಚ್ಚುವ ಎಪಾಕ್ಸಿ, ಆಲ್ಕಿಡ್, ಪಾಲಿಯುರಿಥೇನ್ ಮೊದಲಾದ ಸಾವಯವ ಲೇಪನಗಳಿಗೆ ಸಂಬಂಧಿಸಿದವು. ಬೇರೆ ಲೋಹಗಳ ವಿಚಾರ ಬರುವಲ್ಲಿ ಹೆಸರಿಸಿಯೇ ಹೇಳಲಾಗಿದೆ.

ಲೇಪನ ನೀರನ್ನು ತಡೆಯುವುದಾದರೆ ಅದರ ಕೆಳಗೆ ತುಕ್ಕು ಹೇಗೆ ಬರುತ್ತದೆ?

ಲೇಪನ ನೀರನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಯಾವ ಸಾವಯವ ಲೇಪನವಾದರೂ ಅಷ್ಟಿಷ್ಟು ನೀರನ್ನು ಹೀರಿಕೊಳ್ಳುತ್ತದೆ, ಆಮ್ಲಜನಕವನ್ನೂ ತನ್ನ ಮೂಲಕ ಹಾಯಲು ಬಿಡುತ್ತದೆ. ಸಾಮಾನ್ಯ ಬಣ್ಣದ ಪೊರೆಯ ಮೂಲಕ ಒಳಗಿಳಿಯುವ ನೀರು ಮತ್ತು ಆಮ್ಲಜನಕದ ಪ್ರಮಾಣವು ಬರಿಯ ಉಕ್ಕು ತುಕ್ಕು ಹಿಡಿಯಲು ಬಳಸಿಕೊಳ್ಳುವ ಪ್ರಮಾಣಕ್ಕಿಂತ ಹೆಚ್ಚೇನೂ ಕಡಿಮೆಯಿಲ್ಲ ಎಂಬುದನ್ನು ಜೆ. ಇ. ಓ. ಮೇನ್ ಅವರು 1950ರ ದಶಕದ ತಮ್ಮ ಕೆಲಸದಲ್ಲಿ ತೋರಿಸಿಕೊಟ್ಟರು. ಹಾಗಿದ್ದೂ ಬಣ್ಣ ಬಳಿದ ಉಕ್ಕು ವರ್ಷಗಟ್ಟಲೆ ಕೆಡದೆ ಉಳಿಯುವುದಕ್ಕೆ ಕಾರಣ ಬೇರೆಯದೇ ಇರಬೇಕಾಯಿತು. ಲೇಪನ ನಿಜವಾಗಿ ತಡೆಯುವುದು ಅಯಾನುಗಳ ಸಂಚಾರವನ್ನು. ಲೋಹದ ಮೇಲ್ಮೈಯ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ವಿದ್ಯುತ್ತು ದ್ರವದ ಮೂಲಕ ಹರಿಯಬೇಕಾದ ದಾರಿಯಲ್ಲಿ ಅದು ಅಗಾಧವಾದ ರೋಧವನ್ನು ಒಡ್ಡುತ್ತದೆ. ಇದರ ಜೊತೆಗೆ, ಲೇಪನ ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡಿರುವಷ್ಟು ಕಾಲ ಒಳಗೆ ಬಂದ ನೀರಿಗೆ ಒಟ್ಟುಗೂಡಿ ನಿಲ್ಲಲು ಸ್ಥಳವೇ ಸಿಗುವುದಿಲ್ಲ. ಈ ಎರಡು ಗುಣಗಳಲ್ಲಿ ಯಾವುದು ಕೆಟ್ಟರೂ ತೊಂದರೆ ಶುರುವಾಗುತ್ತದೆ, ಗುಳ್ಳೆ ಏಳುವಾಗ ಸಾಮಾನ್ಯವಾಗಿ ಎರಡೂ ಕೆಟ್ಟಿರುತ್ತವೆ.

ತುಕ್ಕು ಹಿಡಿಯುವುದನ್ನು ವಿದ್ಯುದ್ರಾಸಾಯನಿಕ ಕ್ರಿಯೆ ಎನ್ನುವುದೇಕೆ?

ಲೋಹ ಕರಗುವ ಜಾಗವೂ ಆಮ್ಲಜನಕ ಬಳಕೆಯಾಗುವ ಜಾಗವೂ ಬೇರೆಬೇರೆಯಾಗಿದ್ದು, ಅವೆರಡರ ನಡುವೆ ವಿದ್ಯುತ್ತು ಹರಿಯುವುದರಿಂದ. ಕರಗುವ ಜಾಗವೇ ಆನೋಡ್. ಅಲ್ಲಿ ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಲೋಹದಲ್ಲೇ ಬಿಟ್ಟು ಫೆರಸ್ ಅಯಾನಾಗಿ ನೀರಿಗೆ ಇಳಿಯುತ್ತದೆ. ಆ ಎಲೆಕ್ಟ್ರಾನುಗಳು ಲೋಹದೊಳಗೇ ಸಾಗಿ ಕ್ಯಾಥೋಡ್ ಎನಿಸುವ ಇನ್ನೊಂದು ಜಾಗವನ್ನು ಸೇರುತ್ತವೆ. ಅಲ್ಲಿ ಆಮ್ಲಜನಕ ಮತ್ತು ನೀರು ಅವುಗಳನ್ನು ಪಡೆದು ಹೈಡ್ರಾಕ್ಸೈಡ್ ಅಯಾನುಗಳಾಗುತ್ತವೆ, ಅಂದರೆ ಆ ಜಾಗ ಕ್ಷಾರೀಯವಾಗುತ್ತದೆ. ಮಂಡಲ ಪೂರ್ಣವಾಗಲು ಎರಡು ಜಾಗಗಳನ್ನೂ ಉಪ್ಪಿನಂಶವಿರುವ ನೀರು ಬೆಸೆದಿರಬೇಕು.

ಇದನ್ನು ಕಣ್ಣಾರೆ ನೋಡಬಹುದು. 1920ರ ದಶಕದಲ್ಲಿ ಯು. ಆರ್. ಇವಾನ್ಸ್ ಪ್ರಸಿದ್ಧಗೊಳಿಸಿದ ಪ್ರಯೋಗವೊಂದರಲ್ಲಿ, ಚೆನ್ನಾಗಿ ಉಜ್ಜಿದ ಉಕ್ಕಿನ ತಗಡಿನ ಮೇಲೆ ಉಪ್ಪುನೀರಿನ ಒಂದು ಹನಿ ಇಡಲಾಗುತ್ತದೆ. ಆ ಹನಿಯಲ್ಲಿ ಮೊದಲೇ, ಕ್ಷಾರವಿದ್ದಲ್ಲಿ ಗುಲಾಬಿಯಾಗುವ ಫೀನಾಲ್ಫ್ತಲೀನ್ ಮತ್ತು ಕರಗಿದ ಕಬ್ಬಿಣವಿದ್ದಲ್ಲಿ ನೀಲಿಯಾಗುವ ಪೊಟ್ಯಾಸಿಯಂ ಫೆರಿಸಯನೈಡ್ ತುಸು ಬೆರೆಸಿರುತ್ತಾರೆ. ಮೊದಲು ಅಲ್ಲಲ್ಲಿ ನೀಲಿ ಮತ್ತು ಗುಲಾಬಿ ಚುಕ್ಕೆಗಳು ಬೆರೆತು ಕಾಣಿಸುತ್ತವೆ. ಹನಿಯಲ್ಲಿ ಕರಗಿದ್ದ ಆಮ್ಲಜನಕ ಮುಗಿಯುತ್ತ ಬಂದಂತೆ ಚಿತ್ರ ಸ್ಪಷ್ಟವಾಗುತ್ತದೆ: ನಡುವೆ ನೀಲಿ, ಅಂಚಿನಲ್ಲಿ ಗುಲಾಬಿ ಬಳೆ, ಅವೆರಡರ ಮಧ್ಯೆ ಕಂದು ತುಕ್ಕಿನ ಉಂಗುರ. ಗಾಳಿ ಸುಲಭವಾಗಿ ಸಿಗುವ ಅಂಚು ಕ್ಯಾಥೋಡ್ ಆಗಿ ಕ್ಷಾರೀಯವಾಗಿದೆ, ಗಾಳಿ ಸಿಗದ ನಡುಭಾಗ ಆನೋಡ್ ಆಗಿ ಕರಗುತ್ತಿದೆ. ಇದರಲ್ಲಿ ಗಮನಿಸಬೇಕಾದ್ದು, ತುಕ್ಕು ಕಾಣಿಸುವ ಜಾಗವೂ ಲೋಹ ಕರಗುತ್ತಿರುವ ಜಾಗವೂ ಒಂದೇ ಅಲ್ಲ. ಲೇಪನದಡಿಯಲ್ಲಿ ನಡೆಯುವುದೂ ಇದೇ ನಾಟಕ, ಸ್ಥಳ ಮಾತ್ರ ಇನ್ನೂ ಇಕ್ಕಟ್ಟು.

ಗುಳ್ಳೆ ಏಳಲು ಏನೇನು ಬೇಕು?

ಎರಡು ಸಂಗತಿಗಳು ಬೇಕು. ಮೊದಲನೆಯದು, ಒಂದು ಸಣ್ಣ ಜಾಗದಲ್ಲಾದರೂ ಲೇಪನದ ಅಂಟು ಸಡಿಲವಾಗಬೇಕು. ಎರಡನೆಯದು, ಅಲ್ಲಿಗೆ ನೀರನ್ನು ಎಳೆದು ತಂದು ಪೊರೆಯನ್ನು ಮೇಲಕ್ಕೆ ಒತ್ತುವ ಬಲವೊಂದಿರಬೇಕು. ಆ ಬಲದ ಮೂಲವನ್ನು ಅನುಸರಿಸಿ ಗುಳ್ಳೆಗಳನ್ನು ವಿಂಗಡಿಸುವುದು ವಾಡಿಕೆ: ಪೊರೆಯಡಿಯ ಉಪ್ಪು ನೀರನ್ನು ಸೆಳೆಯುವುದರಿಂದ ಏಳುವ ಅಭಿಸರಣೆಯ ಗುಳ್ಳೆ, ಕ್ಯಾಥೋಡಿನ ಕ್ಷಾರದಿಂದ ಏಳುವ ಗುಳ್ಳೆ, ಆನೋಡಿನ ತುಕ್ಕು ಒತ್ತುವುದರಿಂದ ಏಳುವ ಗುಳ್ಳೆ, ಎರಡು ಬದಿಗಳ ಉಷ್ಣತೆಯ ವ್ಯತ್ಯಾಸದಿಂದ ಏಳುವ ಗುಳ್ಳೆ. ವಾಸ್ತವದಲ್ಲಿ ಇವು ಒಂದರೊಳಗೊಂದು ಬೆರೆತಿರುತ್ತವೆ. ಅಭಿಸರಣೆಯಿಂದ ಹುಟ್ಟಿದ ಗುಳ್ಳೆಯಲ್ಲಿ ನೀರು ನಿಂತ ಮೇಲೆ ತುಕ್ಕಿನ ಕೋಶ ತಾನಾಗಿಯೇ ಶುರುವಾಗುತ್ತದೆ. ಆದರೂ ಮೊದಲ ಕಾರಣ ಯಾವುದೆಂದು ಹುಡುಕದೆ ಮತ್ತೆ ಬಣ್ಣ ಬಳಿದರೆ ಮುಂದಿನ ಬಾರಿಯೂ ಅದೇ ಜಾಗದಲ್ಲಿ ಗುಳ್ಳೆ ಕಾಣುವ ಸಾಧ್ಯತೆಯೇ ಹೆಚ್ಚು.

ಅಭಿಸರಣೆಯ ಒತ್ತಡ ಲೇಪನವನ್ನು ಎತ್ತುವಷ್ಟು ದೊಡ್ಡದಿರುತ್ತದೆಯೇ?

ಖಂಡಿತ ಇರುತ್ತದೆ. ಲೀಟರಿಗೆ ಸುಮಾರು 6 ಗ್ರಾಂ ಅಡುಗೆ ಉಪ್ಪು ಕರಗಿದ ನೀರು ಒಂದು ಕಡೆ, ಶುದ್ಧ ನೀರು ಇನ್ನೊಂದು ಕಡೆ ಇದ್ದು ನಡುವೆ ನೀರನ್ನಷ್ಟೇ ಬಿಡುವ ಪೊರೆಯಿದ್ದರೆ, ಅಲ್ಲಿ ಏಳಬಲ್ಲ ಒತ್ತಡ ವಾಯುಮಂಡಲದ ಒತ್ತಡದ ನಾಲ್ಕೂವರೆ ಪಟ್ಟಿನಷ್ಟಾಗುತ್ತದೆ. ಸಮುದ್ರದ ನೀರಿನಷ್ಟು ಉಪ್ಪಿದ್ದರೆ ಅದು 25 ಪಟ್ಟನ್ನು ದಾಟುತ್ತದೆ. ಪೊರೆಯಡಿಯಲ್ಲಿ ಸಿಕ್ಕಿಕೊಂಡ ಉಪ್ಪಿನ ಕಣವು ಮೊದಮೊದಲು ಅತ್ಯಲ್ಪ ನೀರಿನಲ್ಲಿ ಕರಗಿರುವುದರಿಂದ ಅಲ್ಲಿನ ದ್ರಾವಣ ಇನ್ನೂ ಗಾಢವಾಗಿರುತ್ತದೆ. ನೀರು ಕುಡಿದು ಮೆತ್ತಗಾದ ಬಣ್ಣದ ಪೊರೆ ಉಬ್ಬದೆ ನಿಲ್ಲಲು ಒಡ್ಡಬಲ್ಲ ಪ್ರತಿರೋಧ ಇದರ ಮುಂದೆ ಏನೇನೂ ಅಲ್ಲ. ಗುಳ್ಳೆ ದೊಡ್ಡದಾಗುತ್ತ ಹೋದಂತೆ ಒಳಗಿನ ದ್ರಾವಣ ತೆಳುವಾಗಿ ಎಳೆತ ತಗ್ಗುತ್ತದೆ. ಕೆಲವು ಗುಳ್ಳೆಗಳು ಒಂದು ಗಾತ್ರಕ್ಕೆ ಬಂದು ಹಾಗೆಯೇ ನಿಂತುಬಿಡುವುದು ಇದರಿಂದಾಗಿ.

ಉಪ್ಪೊಂದೇ ಅಪರಾಧಿಯಲ್ಲ. ನೀರಿನೊಂದಿಗೆ ಬೆರೆಯುವ ದ್ರಾವಕಗಳು, ಮುಖ್ಯವಾಗಿ ನಿಧಾನವಾಗಿ ಆರುವ ಗ್ಲೈಕಾಲ್ ಈಥರ್ ಜಾತಿಯವು, ಪೊರೆಯೊಳಗೆ ಉಳಿದುಬಿಟ್ಟರೆ ಅವೂ ನೀರನ್ನು ಹಾಗೆಯೇ ಸೆಳೆಯುತ್ತವೆ. ತಣ್ಣನೆಯ ವಾತಾವರಣದಲ್ಲಿ ದಪ್ಪವಾಗಿ ಹಚ್ಚಿ, ಸಾಕಷ್ಟು ಗಾಳಿಯಾಡಿಸದೆ ನೀರು ತುಂಬಿಸಿದ ಟ್ಯಾಂಕುಗಳಲ್ಲಿ ಈ ಬಗೆಯ ಗುಳ್ಳೆ ಸಾಮಾನ್ಯ.

ಸಮುದ್ರದ ನೀರಿಗಿಂತ ಸಿಹಿನೀರಿನಲ್ಲಿ ಗುಳ್ಳೆ ಬೇಗ ಏಳುತ್ತದೆ ಎನ್ನುತ್ತಾರೆ. ಅದು ಹೇಗೆ?

ಅಭಿಸರಣೆಯ ಎಳೆತ ಹುಟ್ಟುವುದು ಪೊರೆಯ ಎರಡೂ ಬದಿಯ ಗಾಢತೆಯ ವ್ಯತ್ಯಾಸದಿಂದ. ಹೊರಗೆ ಉಪ್ಪುನೀರಿದ್ದರೆ ವ್ಯತ್ಯಾಸ ಕಡಿಮೆ, ಭಟ್ಟಿ ಇಳಿಸಿದ ನೀರಿದ್ದರೆ ಅತ್ಯಂತ ಹೆಚ್ಚು. ಆದ್ದರಿಂದ ಒಂದೇ ಲೇಪನ ಸಮುದ್ರದಲ್ಲಿ ಚೆನ್ನಾಗಿ ಬಾಳಿ, ಶುದ್ಧ ನೀರಿನ ಟ್ಯಾಂಕಿನಲ್ಲಿ ಸೋಲಬಹುದು. ಆದರೆ ಇದು ಗಾಯವಿಲ್ಲದ ಲೇಪನದ ಮಾತು. ಬಣ್ಣ ಕಿತ್ತುಹೋಗಿ ಲೋಹ ತೆರೆದಿರುವ ಜಾಗವಿದ್ದರೆ ಸಮುದ್ರದ ನೀರೇ ಹೆಚ್ಚು ಅಪಾಯಕಾರಿ, ಏಕೆಂದರೆ ವಿದ್ಯುದ್ರಾಸಾಯನಿಕ ಕೋಶಕ್ಕೆ ಬೇಕಾದ ವಾಹಕತೆಯೂ ಸೋಡಿಯಂ ಅಯಾನುಗಳೂ ಅಲ್ಲಿ ಧಾರಾಳವಾಗಿವೆ.

ಕ್ಯಾಥೋಡಿನ ಬಳಿ ಲೋಹ ಕರಗುವುದೇ ಇಲ್ಲವಲ್ಲ, ಅಲ್ಲಿ ಲೇಪನ ಏಕೆ ಬಿಟ್ಟುಕೊಳ್ಳಬೇಕು?

ಗೀರು ಬಿದ್ದ ಒಂದು ಹಲಗೆಯನ್ನು ಉಪ್ಪುನೀರಿನಲ್ಲಿ ಇಟ್ಟಿದ್ದೇವೆ ಎಂದುಕೊಳ್ಳೋಣ. ಗೀರಿನ ತಳದಲ್ಲಿ ಲೋಹ ಕರಗುತ್ತದೆ, ಅಲ್ಲಿ ಬಿಡುಗಡೆಯಾದ ಎಲೆಕ್ಟ್ರಾನುಗಳು ಪಕ್ಕದ ಬಣ್ಣದ ಅಂಚಿನ ಕೆಳಕ್ಕೆ ಸರಿಯುತ್ತವೆ, ಪೊರೆಯ ಮೂಲಕ ಇಳಿದ ಆಮ್ಲಜನಕ ಅಲ್ಲಿ ಹೈಡ್ರಾಕ್ಸೈಡ್ ಆಗುತ್ತದೆ. ಈ ಋಣ ಅಯಾನುಗಳಿಗೆ ಜೋಡಿಯಾಗಿ ಧನ ಅಯಾನುಗಳು ಬರಲೇಬೇಕು, ಸಮುದ್ರದ ನೀರಿನಲ್ಲಿ ಹೇರಳವಾಗಿರುವುದು ಸೋಡಿಯಂ. ಫಲವಾಗಿ ಪೊರೆಯಡಿಯ ತೆಳ್ಳನೆಯ ನೀರಿನಲ್ಲಿ ಕಾಸ್ಟಿಕ್ ಸೋಡಾ ತಯಾರಾಗುತ್ತದೆ, ಪಿಎಚ್ 13ರ ಆಸುಪಾಸಿಗೂ ಏರಬಲ್ಲದು.

ಅಷ್ಟು ತೀಕ್ಷ್ಣ ಕ್ಷಾರಕ್ಕೆ ಲೋಹದ ಮೇಲಿನ ಆಕ್ಸೈಡ್ ಪದರವೂ ಬಣ್ಣದ ಅಂಟುಬಂಧವೂ ತಡೆಯುವುದಿಲ್ಲ. ಆಲ್ಕಿಡ್ ಮತ್ತು ಎಣ್ಣೆ ಬಣ್ಣಗಳಲ್ಲಿರುವ ಎಸ್ಟರ್ ಬಂಧಗಳು ಕ್ಷಾರದಲ್ಲಿ ಒಡೆದು ಸಾಬೂನಾಗಿಬಿಡುತ್ತವೆ. ಎಪಾಕ್ಸಿ ಅಷ್ಟು ಸುಲಭವಾಗಿ ಒಡೆಯದು, ಆದರೆ ಅದಕ್ಕೂ ಲೋಹಕ್ಕೂ ನಡುವಿನ ಹಿಡಿತ ಸಡಿಲವಾಗುತ್ತದೆ. ಉಕ್ಕು ಮಾತ್ರ ಕ್ಷಾರದಲ್ಲಿ ಸುರಕ್ಷಿತ. ಹೀಗಾಗಿ ಗುಳ್ಳೆ ಕಿತ್ತು ನೋಡಿದರೆ ಕೆಳಗೆ ಲೋಹ ಫಳಫಳ ಹೊಳೆಯುತ್ತಿರುತ್ತದೆ, ನೋಡಿದವರು ತುಕ್ಕಿನ ಸಮಸ್ಯೆಯೇ ಅಲ್ಲವೆಂದು ತಪ್ಪಾಗಿ ತೀರ್ಮಾನಿಸುವುದೂ ಉಂಟು. ಈ ಕ್ರಿಯೆಯ ವೇಗವನ್ನು ಧನ ಅಯಾನಿನ ಚಲನೆ ನಿಯಂತ್ರಿಸುತ್ತದೆ ಎಂಬುದಕ್ಕೆ ಪ್ರಯೋಗಶಾಲೆಯಲ್ಲಿ ನೇರ ಸಾಕ್ಷ್ಯವಿದೆ: ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ, ಸೀಸಿಯಂ ಕ್ಲೋರೈಡುಗಳ ದ್ರಾವಣಗಳಲ್ಲಿ ಅದೇ ಕ್ರಮದಲ್ಲಿ ಲೇಪನ ಬಿಟ್ಟುಕೊಳ್ಳುವ ವೇಗ ಹೆಚ್ಚುತ್ತ ಹೋಗುತ್ತದೆ, ನೀರಿನಲ್ಲಿ ಆ ಅಯಾನುಗಳು ಚಲಿಸುವ ವೇಗದ ಕ್ರಮವೂ ಅದೇ.

ಆನೋಡಿನ ಗುಳ್ಳೆ ಇದಕ್ಕಿಂತ ಹೇಗೆ ಭಿನ್ನ?

ಅಲ್ಲಿ ಗುಳ್ಳೆಯ ಅಡಿಯಲ್ಲಿಯೇ ಲೋಹ ಕರಗುತ್ತಿರುತ್ತದೆ. ಕಬ್ಬಿಣದ ಕ್ಲೋರೈಡ್ ನೀರಿನೊಂದಿಗೆ ವರ್ತಿಸಿ ಆಮ್ಲೀಯತೆ ಹುಟ್ಟಿಸುವುದರಿಂದ ಒಳಗಿನ ದ್ರವ ಆಮ್ಲೀಯವಾಗಿರುತ್ತದೆ, ತಳದಲ್ಲಿ ಗುಳಿ ಬಿದ್ದಿರುತ್ತದೆ. ತುಕ್ಕು ತಾನು ಹುಟ್ಟಿದ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದ ಇಂತಹ ಗುಳ್ಳೆ ದ್ರವಕ್ಕಿಂತ ಗಟ್ಟಿ ತುಕ್ಕಿನಿಂದಲೇ ತುಂಬಿಕೊಂಡು, ಕೊನೆಗೆ ಬಿರಿದು, ಕಂದು ಒಸರಿನ ಗೆರೆಯನ್ನು ಕೆಳಕ್ಕೆ ಇಳಿಬಿಡುತ್ತದೆ.

ಗುಳ್ಳೆ ಯಾವ ಬಗೆಯದೆಂದು ಸ್ಥಳದಲ್ಲಿಯೇ ಗುರುತಿಸುವುದು ಹೇಗೆ?

ಕೆಲವು ಗುಳ್ಳೆಗಳನ್ನು ಎಚ್ಚರಿಕೆಯಿಂದ ತೆರೆದು ನೋಡುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಯಾವುದೇ ದುಬಾರಿ ಉಪಕರಣಕ್ಕಿಂತ ಒಂದು ಹರಿತವಾದ ಬ್ಲೇಡು, ಒಂದಷ್ಟು ಪಿಎಚ್ ಕಾಗದ ಮತ್ತು ತಾಳ್ಮೆ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಮೊದಲು ಗುಳ್ಳೆಯ ಹೊರಮೈಯನ್ನು ಶುದ್ಧ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಬೇಕು, ಇಲ್ಲವಾದರೆ ಹೊರಗಿನ ಉಪ್ಪೇ ಪರೀಕ್ಷೆಯಲ್ಲಿ ಕಾಣಿಸಿಕೊಂಡು ದಾರಿ ತಪ್ಪಿಸುತ್ತದೆ. ನಂತರ ಗುಳ್ಳೆಯ ಬುಡದಲ್ಲಿ ಸಣ್ಣದಾಗಿ ಚುಚ್ಚಿ, ಹೊರಬರುವ ಮೊದಲ ಹನಿಯನ್ನೇ ಪಿಎಚ್ ಕಾಗದಕ್ಕೆ ತಾಕಿಸಬೇಕು. ತಡಮಾಡಿದರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕ್ಷಾರವನ್ನು ತಗ್ಗಿಸುತ್ತದೆ. ಕಾಗದ ಕಡುನೀಲಿಗೆ ತಿರುಗಿ, ಕೆಳಗೆ ಹೊಳೆಯುವ ಲೋಹ ಕಂಡರೆ ಅದು ಕ್ಯಾಥೋಡಿನ ಗುಳ್ಳೆ. ಕಾಗದ ಆಮ್ಲದ ಬಣ್ಣ ತೋರಿಸಿ ತಳದಲ್ಲಿ ಗುಳಿಯಿದ್ದರೆ ಆನೋಡಿನದು. ದ್ರವ ತಟಸ್ಥಕ್ಕೆ ಹತ್ತಿರವಿದ್ದು ದ್ರಾವಕದ ವಾಸನೆ ಬಂದರೆ ಪೊರೆಯಲ್ಲಿ ಉಳಿದ ದ್ರಾವಕವನ್ನು ಶಂಕಿಸಬೇಕು.

ದ್ರವಕ್ಕಿಂತಲೂ ಮುಖ್ಯವಾದ ಪುರಾವೆ ಕಿತ್ತ ಪೊರೆಯ ಒಳಮೈ. ಬಿಟ್ಟುಕೊಂಡದ್ದು ಲೋಹಕ್ಕೂ ಅದರ ಮೇಲಿನ ಮೊದಲ ಕೋಟಾದ ಪ್ರೈಮರಿಗೂ ನಡುವೆಯೋ, ಎರಡು ಕೋಟುಗಳ ನಡುವೆಯೋ ಎಂಬುದು ಅದರಲ್ಲಿ ಕಾಣುತ್ತದೆ. ಕೋಟುಗಳ ನಡುವೆ ಬಿಟ್ಟಿದ್ದರೆ ಲೋಹದ ಸಿದ್ಧತೆಯನ್ನು ದೂರಿ ಫಲವಿಲ್ಲ, ಮೊದಲ ಕೋಟಿನ ಮೇಲೆ ಕುಳಿತ ಉಪ್ಪು, ಧೂಳು, ಅಥವಾ ಎಪಾಕ್ಸಿಯ ಅಮೈನ್ ಗಟ್ಟಿಕಾರಕದಿಂದ ಮೂಡುವ ಜಿಗುಟು ಪದರವನ್ನು ಹುಡುಕಬೇಕು. ಒಳಮೈಗೆ ಕಪ್ಪು ಪುಡಿ ಅಂಟಿಕೊಂಡಿದ್ದರೆ ಅದು ಸಾಮಾನ್ಯವಾಗಿ ಆಮ್ಲಜನಕದ ಕೊರತೆಯಲ್ಲಿ ಉಂಟಾದ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್. ಗಾಳಿಗೆ ತೆರೆದಿಟ್ಟ ಮೇಲೆ ಗುಳ್ಳೆಯ ತಳ ಕಂದಾಗಿಬಿಡುವುದರಿಂದ ತೆರೆದ ತಕ್ಷಣ ಛಾಯಾಚಿತ್ರ ತೆಗೆದಿಡುವುದು ಜಾಣತನ.

ಸಾ 2½ ದರ್ಜೆಗೆ ಬ್ಲಾಸ್ಟಿಂಗ್ ಮಾಡಿಸಿಯೂ ಗುಳ್ಳೆ ಎದ್ದಿದೆ. ಏನು ಉಳಿದುಹೋಯಿತು?

ಬಹುಶಃ ಉಪ್ಪು. ಬ್ಲಾಸ್ಟಿಂಗ್ ಎಂದರೆ ಗಟ್ಟಿ ಕಣಗಳನ್ನು ರಭಸದಿಂದ ಹೊಡೆದು ಲೋಹವನ್ನು ಶುಚಿಗೊಳಿಸುವುದು. ಅಂತಾರಾಷ್ಟ್ರೀಯ ಮಾನಕವಾದ ಐಎಸ್‌ಒ 8501-1ರ ಸಾ 2½ ಎಂಬುದು ಕಣ್ಣಿಗೆ ಕಾಣುವ ಶುಚಿತ್ವದ ದರ್ಜೆ. ಕರಗುವ ಲವಣಗಳು ಕಣ್ಣಿಗೆ ಕಾಣುವುದಿಲ್ಲ, ಒಣ ಬ್ಲಾಸ್ಟಿಂಗ್ ಅವುಗಳನ್ನು ಪೂರ್ತಿಯಾಗಿ ತೆಗೆಯುವುದೂ ಇಲ್ಲ. ಹಿಂದೆ ತುಕ್ಕು ಹಿಡಿದು ಗುಳಿ ಬಿದ್ದ ಉಕ್ಕಿನಲ್ಲಿ ಕ್ಲೋರೈಡು ಗುಳಿಯ ತಳದಲ್ಲಿ ಅವಿತಿರುತ್ತದೆ, ಹೊಡೆಯುವ ಕಣಗಳು ಅದನ್ನು ಇನ್ನಷ್ಟು ಆಳಕ್ಕೆ ತಳ್ಳಿ ಮೇಲೆ ಲೋಹವನ್ನು ಮಡಿಚಿ ಮುಚ್ಚುವುದೂ ಉಂಟು. ಶುಚಿಗೊಳಿಸಿದ ಮೇಲ್ಮೈ ಒಣ ಹವೆಯಲ್ಲಿಯೂ ಕೆಲವೇ ಗಂಟೆಗಳಲ್ಲಿ ಗುಳಿಗಳ ಸುತ್ತ ಚುಕ್ಕೆಚುಕ್ಕೆಯಾಗಿ ಕಪ್ಪಾದರೆ ಅದನ್ನು ಎಚ್ಚರಿಕೆಯೆಂದೇ ತಿಳಿಯಬೇಕು.

ಲವಣವನ್ನು ಅಳೆಯಲು ಬ್ರೆಸ್ಲೆ ವಿಧಾನ ಪ್ರಚಲಿತ. ಅಂಟುವ ಅಂಚಿರುವ ಸಣ್ಣ ಚೀಲವೊಂದನ್ನು ಲೋಹಕ್ಕೆ ಒತ್ತಿ, ಸಿರಿಂಜಿನಿಂದ ಶುದ್ಧ ನೀರನ್ನು ಒಳಕ್ಕೆ ಬಿಟ್ಟು, ಹಲವು ಬಾರಿ ಹಿಂದೆಮುಂದೆ ಎಳೆದು, ಆ ನೀರಿನ ವಿದ್ಯುತ್ ವಾಹಕತೆ ಎಷ್ಟು ಏರಿತೆಂದು ನೋಡುತ್ತಾರೆ. ಇದು ಐಎಸ್‌ಒ 8502ರ 6 ಮತ್ತು 9ನೇ ಭಾಗಗಳಲ್ಲಿದೆ. ಹಡಗುಗಳ ಸಮುದ್ರಜಲ ತುಂಬುವ ಬ್ಯಾಲಸ್ಟ್ ಟ್ಯಾಂಕುಗಳಿಗೆ ಅಂತಾರಾಷ್ಟ್ರೀಯ ಕಡಲ ಸಂಸ್ಥೆ 2006ರಲ್ಲಿ ಅಂಗೀಕರಿಸಿದ ಮಾನದಂಡದಲ್ಲಿ ಚದರ ಮೀಟರಿಗೆ ಸೋಡಿಯಂ ಕ್ಲೋರೈಡ್ ಲೆಕ್ಕದಲ್ಲಿ 50 ಮಿಲಿಗ್ರಾಂ ಮಿತಿಯಿದೆ. ಆ ಮಾನದಂಡದ ಗುರಿ 15 ವರ್ಷಗಳ ಬಾಳಿಕೆ. ಶುದ್ಧ ನೀರಿನಲ್ಲಿ ಅಥವಾ ಬಿಸಿ ನೀರಿನಲ್ಲಿ ಮುಳುಗಿರುವ ಲೇಪನಕ್ಕೆ ಇದಕ್ಕಿಂತ ಬಿಗಿಯಾದ ಮಿತಿ ಇಟ್ಟುಕೊಳ್ಳುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ. ಮಿತಿ ಮೀರಿದ್ದರೆ ಅಧಿಕ ಒತ್ತಡದ ಸಿಹಿನೀರಿನಿಂದ ತೊಳೆದು, ಒಣಗಿಸಿ, ಮತ್ತೆ ಬ್ಲಾಸ್ಟ್ ಮಾಡಿ, ಮತ್ತೆ ಅಳೆಯಬೇಕು.

ಇನ್ನಷ್ಟು ದಪ್ಪವಾಗಿ ಬಳಿದರೆ ಗುಳ್ಳೆ ತಪ್ಪುವುದಿಲ್ಲವೇ?

ಗುಳ್ಳೆ ಏಳುವ ದಿನ ಮುಂದಕ್ಕೆ ಹೋಗಬಹುದು, ತಪ್ಪುವುದಿಲ್ಲ. ದಪ್ಪ ಹೆಚ್ಚಿದರೆ ನೀರು ಹಾಯುವ ವೇಗ ತಗ್ಗುತ್ತದೆ, ಸೂಜಿರಂಧ್ರಗಳೂ ಕಡಿಮೆಯಾಗುತ್ತವೆ. ಆದರೆ ಕೆಳಗಿನ ಉಪ್ಪು ಅಲ್ಲಿಯೇ ಇರುತ್ತದೆ. ಮೇಲಾಗಿ, ದ್ರಾವಕವಿರುವ ಬಣ್ಣವನ್ನು ಒಂದೇ ಕೋಟಿನಲ್ಲಿ ವಿಪರೀತ ದಪ್ಪ ಬಳಿದರೆ ದ್ರಾವಕ ಒಳಗೇ ಸಿಕ್ಕಿಕೊಂಡು ಹೊಸದೊಂದು ಕಾರಣವನ್ನು ಸೇರಿಸುತ್ತದೆ.

ಬಿಸಿ ನೀರಿನ ಟ್ಯಾಂಕಿನ ಒಳಗೋಡೆಯಲ್ಲಿ ಮಾತ್ರ ಗುಳ್ಳೆ ಎದ್ದಿವೆ, ಅದೇ ಬಣ್ಣ ಬೇರೆಡೆ ಚೆನ್ನಾಗಿದೆ. ಏಕೆ?

ಒಳಗೆ ಬಿಸಿ ದ್ರವ, ಹೊರಗೆ ತಣ್ಣನೆಯ ಗಾಳಿ ಇದ್ದಾಗ ಲೋಹವು ಲೇಪನದ ಹೊರಮೈಗಿಂತ ತಣ್ಣಗಿರುತ್ತದೆ. ನೀರಿನ ಆವಿ ಬಿಸಿಯ ಕಡೆಯಿಂದ ತಣ್ಣನೆಯ ಕಡೆಗೆ ಪೊರೆಯ ಮೂಲಕ ಸಾಗಿ, ಲೋಹದ ಮೇಲೆ ಅಂಟು ದುರ್ಬಲವಾಗಿರುವ ಕಡೆ ಸಾಂದ್ರಗೊಂಡು ದ್ರವವಾಗುತ್ತದೆ. ಉಪ್ಪಿಲ್ಲದ ಮೇಲ್ಮೈಯಲ್ಲಿಯೂ ಇದು ನಡೆಯಬಲ್ಲದು. ಟ್ಯಾಂಕಿನ ಒಳಲೇಪನಗಳನ್ನು ಇದಕ್ಕಾಗಿಯೇ ಅಟ್ಲಾಸ್ ಕೋಶ ಎಂಬ ಸಾಧನದಲ್ಲಿ ಪರೀಕ್ಷಿಸುತ್ತಾರೆ. ಅದರಲ್ಲಿ ಹಲಗೆಯ ಲೇಪಿತ ಬದಿ ಬಿಸಿ ದ್ರವಕ್ಕೂ ಹಿಂಬದಿ ಹೊರಗಿನ ಗಾಳಿಗೂ ಒಡ್ಡಿಕೊಂಡಿರುತ್ತದೆ. ಹಲಗೆಯನ್ನು ಇಡಿಯಾಗಿ ಮುಳುಗಿಸಿ ಮಾಡಿದ ಪರೀಕ್ಷೆಯಲ್ಲಿ ಪಾಸಾದ ಲೇಪನ ಇಲ್ಲಿ ಸೋಲುವುದು ಅಪರೂಪವಲ್ಲ. ಪರಿಹಾರ ಬಹಳ ಸಲ ಬಣ್ಣದಲ್ಲಿಲ್ಲ, ಟ್ಯಾಂಕಿನ ಹೊರಮೈಗೆ ಉಷ್ಣ ನಿರೋಧಕ ಹೊದಿಸಿ ಉಷ್ಣತೆಯ ವ್ಯತ್ಯಾಸವನ್ನು ತಗ್ಗಿಸುವುದರಲ್ಲಿದೆ.

ಕ್ಯಾಥೋಡಿಕ್ ರಕ್ಷಣೆ ಲೇಪನಕ್ಕೆ ಒಳ್ಳೆಯದೋ ಕೆಟ್ಟದ್ದೋ?

ಮಿತಿಯಲ್ಲಿದ್ದರೆ ಒಳ್ಳೆಯದು, ಮೀರಿದರೆ ಕೆಟ್ಟದ್ದು. ಲೋಹಕ್ಕೆ ಹೊರಗಿನಿಂದ ಎಲೆಕ್ಟ್ರಾನುಗಳನ್ನು ಒದಗಿಸಿ, ಅದು ಕರಗದಂತೆ ಕ್ಯಾಥೋಡ್ ಮಾಡಿಬಿಡುವುದೇ ಕ್ಯಾಥೋಡಿಕ್ ರಕ್ಷಣೆ. ಈ ಉಪಾಯದ ಇತಿಹಾಸವೇ ಒಂದು ಅಡ್ಡಪರಿಣಾಮದಿಂದ ಶುರುವಾಗುತ್ತದೆ. 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ಯುದ್ಧನೌಕೆಗಳ ತಳಕ್ಕೆ ಹೊದಿಸಿದ್ದ ತಾಮ್ರದ ತಗಡು ಸವೆಯದಂತೆ ಕಬ್ಬಿಣ, ಸತುವಿನ ತುಂಡುಗಳನ್ನು ಜೋಡಿಸಿದರು. ತಾಮ್ರ ಉಳಿಯಿತು. ಆದರೆ ಕರಗದ ತಾಮ್ರದಿಂದ ವಿಷದ ಅಯಾನುಗಳು ಹೊರಬರದೆ ಹೋದುದರಿಂದ ಕಡಲ ಜೀವಿಗಳು ತಳಕ್ಕೆ ದಟ್ಟವಾಗಿ ಅಂಟಿಕೊಂಡು ಹಡಗುಗಳ ವೇಗ ಕುಗ್ಗಿತು, ಪ್ರಯೋಗವನ್ನು ಕೈಬಿಡಬೇಕಾಯಿತು.

ಇಂದು ಭೂಗತ ಪೈಪ್‌ಲೈನು, ಹಡಗಿನ ತಳ, ಕಡಲ ವೇದಿಕೆಗಳಲ್ಲಿ ಲೇಪನ ಮತ್ತು ಕ್ಯಾಥೋಡಿಕ್ ರಕ್ಷಣೆ ಜೊತೆಯಾಗಿಯೇ ಇರುತ್ತವೆ. ಲೇಪನ ಬಹುಪಾಲು ಮೇಲ್ಮೈಯನ್ನು ಮುಚ್ಚಿ ಬೇಕಾದ ವಿದ್ಯುತ್ತನ್ನು ತಗ್ಗಿಸುತ್ತದೆ, ಲೇಪನ ತೂತಾದಲ್ಲಿ ವಿದ್ಯುತ್ತು ಲೋಹವನ್ನು ಕಾಯುತ್ತದೆ. ಮಣ್ಣಿನಲ್ಲಿರುವ ಉಕ್ಕಿಗೆ ತಾಮ್ರ–ತಾಮ್ರ ಸಲ್ಫೇಟ್ ವಿದ್ಯುದ್ವಾರದ ಎದುರು ಋಣ 850 ಮಿಲಿವೋಲ್ಟ್, ಸಮುದ್ರದಲ್ಲಿ ಬೆಳ್ಳಿ–ಬೆಳ್ಳಿ ಕ್ಲೋರೈಡ್ ವಿದ್ಯುದ್ವಾರದ ಎದುರು ಋಣ 800 ಮಿಲಿವೋಲ್ಟ್ ಎಂಬುದು ರೂಢಿಯ ಮಾನದಂಡ. ತೊಂದರೆಯೇನೆಂದರೆ, ರಕ್ಷಣೆ ಎಂದರೆ ಇಡೀ ಉಕ್ಕನ್ನೇ ಕ್ಯಾಥೋಡ್ ಮಾಡುವುದು. ಮೇಲೆ ಹೇಳಿದ ಕ್ಷಾರ ಇಲ್ಲಿಯೂ ಹುಟ್ಟುತ್ತದೆ. ಸಮುದ್ರದಲ್ಲಿ ಋಣ 1100 ಮಿಲಿವೋಲ್ಟಿನ ಆಚೆಗೆ ಹೋದರೆ ಹೈಡ್ರೋಜನ್ ಅನಿಲವೂ ಗಣನೀಯವಾಗಿ ಹೊರಬಂದು ತೂತಿನ ಅಂಚಿನಿಂದ ಲೇಪನ ಸುಲಿದುಕೊಳ್ಳುತ್ತ ಹೋಗುತ್ತದೆ. ವಿದ್ಯುತ್ತನ್ನು ಹೊರಗಿನಿಂದ ಕೊಡುವ ವ್ಯವಸ್ಥೆಗಳಲ್ಲಿ, ಆ ವಿದ್ಯುತ್ತು ಹೊರಡುವ ಆನೋಡಿನ ಹತ್ತಿರದ ಬಣ್ಣ ಮೊದಲು ಕೆಡುವುದು ಇದಕ್ಕಾಗಿಯೇ, ಅಲ್ಲಿ ಹೆಚ್ಚುವರಿ ದಪ್ಪದ ನಿರೋಧಕ ಪದರ ಕೊಡುವುದು ರೂಢಿ. ಆಲ್ಕಿಡ್ ಬಣ್ಣವನ್ನು ಕ್ಯಾಥೋಡಿಕ್ ರಕ್ಷಣೆಯೊಂದಿಗೆ ಎಂದೂ ಬಳಸಬಾರದು.

ಎರಡು ಬೇರೆಬೇರೆ ಲೋಹಗಳು ಜೋಡಣೆಯಾಗಿರುವ ಕಡೆ ಯಾವುದಕ್ಕೆ ಬಣ್ಣ ಬಳಿಯಬೇಕು?

ಎರಡಕ್ಕೂ ಬಳಿಯುವುದು ಉತ್ತಮ. ಒಂದಕ್ಕೆ ಮಾತ್ರ ಸಾಧ್ಯವೆಂದಾದರೆ ತುಕ್ಕು ಹಿಡಿಯದ ಲೋಹಕ್ಕೆ, ಅಂದರೆ ಕ್ಯಾಥೋಡಿಗೆ ಬಳಿಯಬೇಕು. ಇದು ವಿಚಿತ್ರವೆನಿಸಿದರೂ ಲೆಕ್ಕ ಸರಳವಾಗಿದೆ. ಉಕ್ಕು ಮತ್ತು ತಾಮ್ರ ಜೋಡಿಯಾಗಿದ್ದು ಉಕ್ಕಿಗಷ್ಟೇ ಬಣ್ಣ ಬಳಿದರೆ, ಬಣ್ಣದಲ್ಲಿ ಉಳಿದ ಒಂದು ಸೂಜಿಮೊನೆಯಷ್ಟು ರಂಧ್ರವೇ ಆನೋಡ್ ಆಗುತ್ತದೆ, ಎದುರಿಗೆ ವಿಶಾಲವಾದ ತಾಮ್ರ ಕ್ಯಾಥೋಡ್ ಆಗಿರುತ್ತದೆ. ಆ ಇಡೀ ವಿಸ್ತಾರದ ವಿದ್ಯುತ್ತು ಒಂದು ಬಿಂದುವಿನ ಮೇಲೆ ಎರಗಿ ಉಕ್ಕನ್ನು ತೂತು ಕೊರೆಯುತ್ತದೆ. ತಾಮ್ರಕ್ಕೆ ಬಳಿದರೆ ಕ್ಯಾಥೋಡಿನ ವಿಸ್ತೀರ್ಣವೇ ಕುಗ್ಗುವುದರಿಂದ ಒಟ್ಟು ಸವೆತ ತಗ್ಗುತ್ತದೆ. ಲೋಹಗಳ ನಡುವೆ ನಿರೋಧಕ ಇಟ್ಟು ಬಿಡಿಸುವ ಉಪಾಯಕ್ಕೂ ಆಯುಷ್ಯವಿರುತ್ತದೆ. ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆಯಲ್ಲಿ ತಾಮ್ರದ ಹೊದಿಕೆಗೂ ಒಳಗಿನ ಕಬ್ಬಿಣದ ಪಟ್ಟಿಗಳಿಗೂ ನಡುವೆ ಇಟ್ಟಿದ್ದ ಕಲ್ನಾರು ಕಾಲಕ್ರಮೇಣ ನೀರು ಕುಡಿದು ಕೆಟ್ಟು, ಕಬ್ಬಿಣ ತುಕ್ಕಿನಿಂದ ಉಬ್ಬಿ ರಿವೆಟ್ಟುಗಳನ್ನೇ ಕಿತ್ತಿತ್ತು. 1986ರಲ್ಲಿ ಮುಗಿದ ದುರಸ್ತಿಯಲ್ಲಿ ಆ ಪಟ್ಟಿಗಳನ್ನು ತುಕ್ಕು ಹಿಡಿಯದ ಉಕ್ಕಿನಿಂದ ಬದಲಿಸಲಾಯಿತು.

ಗ್ಯಾಲ್ವನೈಸ್ ಮಾಡಿದ ತಗಡಿನ ಮೇಲೆ ಎಣ್ಣೆ ಬಣ್ಣ ಏಕೆ ನಿಲ್ಲುವುದಿಲ್ಲ?

ಗ್ಯಾಲ್ವನೈಸ್ ಮಾಡಿದ ತಗಡಿಗೆ ಸತುವಿನ ಹೊದಿಕೆಯಿರುತ್ತದೆ. ತೇವವಿರುವಾಗ ಆ ಸತುವಿನ ಮೇಲ್ಮೈ ಕ್ಷಾರೀಯವಾಗಿ, ಎಣ್ಣೆಯ ಅಥವಾ ಆಲ್ಕಿಡ್ ಬಣ್ಣದೊಂದಿಗೆ ವರ್ತಿಸಿ ಸತುವಿನ ಸಾಬೂನು ಉಂಟಾಗುತ್ತದೆ. ಬಣ್ಣ ಹಾಳೆಹಾಳೆಯಾಗಿ ಸುಲಿದು ಬರುತ್ತದೆ. ಸತುವಿಗೆ ಹೊಂದುವ ಎಪಾಕ್ಸಿ ಪ್ರೈಮರನ್ನು, ಮೇಲ್ಮೈಯನ್ನು ಲಘುವಾಗಿ ಒರಟಾಗಿಸಿ ಬಳಿಯಬೇಕು.

ಬಣ್ಣದ ಕೆಳಗೆ ಹುಳು ಹರಿದಂತೆ ಸಣ್ಣ ಗೆರೆಗಳು ಮೂಡಿವೆ. ಇದೂ ಗುಳ್ಳೆಯೇ?

ಇದು ಎಳೆಯಂತೆ ಹರಿಯುವ ತುಕ್ಕು. ತೆಳ್ಳನೆಯ ಬಣ್ಣವಿರುವ ಉಕ್ಕು, ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಮೇಲೆ, ಸಾಪೇಕ್ಷ ಆರ್ದ್ರತೆ 60ರಿಂದ 95 ಶೇಕಡಾ ನಡುವೆ ಇದ್ದಾಗ, ಗೀರು ಅಥವಾ ಅಂಚಿನಿಂದ ಹೊರಟು ಬೆಳೆಯುತ್ತದೆ. ಎಳೆಯ ತಲೆಯಲ್ಲಿ ಆಮ್ಲೀಯ ದ್ರವವಿರುವ ಆನೋಡ್, ಅದರ ಹಿಂದೆಯೇ ಗಾಳಿ ಸಿಗುವ ಕ್ಯಾಥೋಡ್, ಉಳಿದ ಬಾಲದಲ್ಲಿ ಒಣಗಿದ ತುಕ್ಕು. ಗಾಳಿ ಬರುವುದು ಬಾಲದ ಕಡೆಯಿಂದಾದ್ದರಿಂದ ಎಳೆಗಳು ಸಾಮಾನ್ಯವಾಗಿ ಒಂದನ್ನೊಂದು ದಾಟುವುದಿಲ್ಲ, ಹಳೆಯ ಎಳೆಯ ಬಳಿ ಬಂದು ಬೇರೆ ದಿಕ್ಕಿಗೆ ತಿರುಗಿಕೊಳ್ಳುತ್ತವೆ. ನೋಡಲು ಅಸಹ್ಯವಾದರೂ ಉಕ್ಕಿನಲ್ಲಿ ಇದರ ಕೊರೆತ ಆಳವಾಗಿರುವುದಿಲ್ಲ.

ಬಣ್ಣ ಬಳಿದ ದಿನವೇ ಕಾಣಿಸಿಕೊಂಡ ಗುಳ್ಳೆಗಳಿಗೂ ಇದೇ ಕಾರಣವೇ?

ಅಲ್ಲ. ಅವು ಗಾಳಿ ಅಥವಾ ದ್ರಾವಕದ ಆವಿ ಸಿಕ್ಕಿಕೊಂಡು ಆದ ಬುರುಗು. ಬಿಸಿಲಿಗೆ ಕಾದ ಲೋಹದ ಮೇಲೆ ಬಳಿದಾಗ, ಅಥವಾ ರಂಧ್ರಮಯವಾದ ಸತು ಸಿಲಿಕೇಟ್ ಪ್ರೈಮರಿನ ಮೇಲೆ ನೇರವಾಗಿ ದಪ್ಪ ಕೋಟು ಹೊಡೆದಾಗ ಏಳುತ್ತವೆ. ಎರಡನೆಯದಕ್ಕೆ ಮೊದಲು ತೆಳುಗೊಳಿಸಿದ ಒಂದು ಹಗುರ ಕೋಟು ಎರಚಿ, ಗಾಳಿ ಹೊರಹೋದ ಮೇಲೆ ಪೂರ್ಣ ಕೋಟು ಹೊಡೆಯುತ್ತಾರೆ. ಆದರೆ ಒಡೆದ ಬುರುಗು ಸೂಜಿರಂಧ್ರವಾಗಿ ಉಳಿದರೆ ಅದೇ ಮುಂದೆ ತುಕ್ಕಿನ ಬಾಗಿಲಾಗುತ್ತದೆ.

ಲವಣ ಸಿಂಚನ ಪರೀಕ್ಷೆಯಲ್ಲಿ 1000 ಗಂಟೆ ನಿಂತ ಲೇಪನ ಎಷ್ಟು ವರ್ಷ ಬಾಳುತ್ತದೆ?

ಹಾಗೆ ಗಂಟೆಯನ್ನು ವರ್ಷಕ್ಕೆ ಬದಲಿಸುವ ಯಾವ ನಂಬಲರ್ಹ ಸೂತ್ರವೂ ಇಲ್ಲ, ಕೊಡುತ್ತೇವೆ ಎನ್ನುವವರನ್ನು ನಂಬಬಾರದು. ಐಎಸ್‌ಒ 9227ರ ಪರೀಕ್ಷೆಯಲ್ಲಿ ಲೀಟರಿಗೆ 50 ಗ್ರಾಂ ಉಪ್ಪಿರುವ ಮಂಜು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಡೆಬಿಡದೆ ಬೀಳುತ್ತಿರುತ್ತದೆ. ಬಿಸಿಲಿನ ಅತಿನೇರಳೆ ಕಿರಣವೂ ಅಲ್ಲಿಲ್ಲ, ಒಣಗುವ ಅವಧಿಯೂ ಇಲ್ಲ. ಒಂದೇ ಲೇಪನದ ಎರಡು ತಂಡಗಳಲ್ಲಿ ಗುಣಮಟ್ಟ ಸಮನಾಗಿದೆಯೇ ಎಂದು ನೋಡಲು ಅದು ಉಪಯುಕ್ತ, ಭವಿಷ್ಯ ನುಡಿಯಲು ಅಲ್ಲ. ಐಎಸ್‌ಒ 12944ರಲ್ಲಿಯೂ 15ರಿಂದ 25 ವರ್ಷವನ್ನು ಅಧಿಕ ಬಾಳಿಕೆ ಎಂದು ಕರೆದಿರುವುದು ಮೊದಲ ದೊಡ್ಡ ದುರಸ್ತಿಯ ಯೋಜನೆಗೆ ಅನುಕೂಲವಾಗಲೆಂದು, ಅದು ಖಾತರಿಯ ಅವಧಿಯಲ್ಲ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಹೆಚ್ಚು ಹೇಳುವುದು ಲೇಪನದ ವಿದ್ಯುತ್ ರೋಧ. 1948ರಲ್ಲಿ ಬೇಕನ್, ಸ್ಮಿತ್ ಮತ್ತು ರಗ್ ಪ್ರಕಟಿಸಿದ ಅಧ್ಯಯನದ ನಂತರ, ರೋಧ ಒಂದು ಚದರ ಸೆಂಟಿಮೀಟರಿನ ಲೆಕ್ಕದಲ್ಲಿ ಹತ್ತು ಕೋಟಿ ಓಮ್ ದಾಟಿದ್ದರೆ ಲೇಪನ ಚೆನ್ನಾಗಿದೆ, ಹತ್ತು ಲಕ್ಷಕ್ಕಿಂತ ಇಳಿದರೆ ರಕ್ಷಣೆ ಸೋತಿದೆ ಎಂಬ ಸ್ಥೂಲ ನಿಯಮ ಬಳಕೆಗೆ ಬಂತು. ಗುಳ್ಳೆ ಕಣ್ಣಿಗೆ ಕಾಣುವ ಮೊದಲೇ ಈ ಇಳಿತವನ್ನು ಅಳೆಯಬಹುದು.

ವರದಿಯಲ್ಲಿ ಗುಳ್ಳೆಯನ್ನು ಹೇಗೆ ದಾಖಲಿಸಬೇಕು?

ಯಾವ ಮಾನಕವನ್ನು ಅನುಸರಿಸಲಾಗಿದೆ ಎಂದು ಮೊದಲು ಬರೆಯಬೇಕು. ಐಎಸ್‌ಒ 4628-2ರಲ್ಲಿ ಅಂಕೆ ದೊಡ್ಡದಾದಷ್ಟೂ ಗುಳ್ಳೆ ಹೆಚ್ಚು ಮತ್ತು ದೊಡ್ಡದು. ಅಮೆರಿಕದ ಮಾನಕವಾದ ಎಎಸ್‌ಟಿಎಂ ಡಿ714ರಲ್ಲಿ ಗಾತ್ರದ ಅಂಕೆ ತಿರುಗುಮುರುಗು: 10 ಎಂದರೆ ಗುಳ್ಳೆಯೇ ಇಲ್ಲ, 8 ಎಂದರೆ ಬರಿಗಣ್ಣಿಗೆ ಕಾಣುವ ಅತಿ ಸಣ್ಣದು, 2 ಎಂದರೆ ದೊಡ್ಡದು. ಮಾನಕದ ಹೆಸರಿಲ್ಲದ ಅಂಕೆಯಿಂದ ಏನೂ ತಿಳಿಯುವುದಿಲ್ಲ.

ಗುಳ್ಳೆ ಎದ್ದ ಲೇಪನವನ್ನೆಲ್ಲ ಕಿತ್ತು ಹಾಕಲೇಬೇಕೇ?

ಎಲ್ಲ ಸಂದರ್ಭಗಳಲ್ಲಿಯೂ ಬೇಕಿಲ್ಲ. ನೀರಿನಲ್ಲಿ ಮುಳುಗಿರುವ ದಪ್ಪ ಎಪಾಕ್ಸಿಯಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಗುಳ್ಳೆಗಳಿದ್ದು, ತೆರೆದು ನೋಡಿದ ಕೆಲವುಗಳಲ್ಲಿ ಲೋಹ ಕೊರೆದಿಲ್ಲವೆಂದಾದರೆ, ಒಡೆಯದ ಗುಳ್ಳೆ ಇನ್ನೂ ಒಂದು ಮಟ್ಟಿಗೆ ರಕ್ಷಣೆ ಕೊಡುತ್ತಿರುತ್ತದೆ. ಅವನ್ನೆಲ್ಲ ಕೆರೆದು ತೆರೆಯುವುದಕ್ಕಿಂತ ಗುರುತು ಹಾಕಿ, ಅಳತೆ ಬರೆದಿಟ್ಟು, ಮುಂದಿನ ತಪಾಸಣೆಯಲ್ಲಿ ಬೆಳೆದಿವೆಯೇ ಎಂದು ಹೋಲಿಸುವುದು ಮೇಲು. ತೆರೆದ ಗುಳ್ಳೆಗಳನ್ನು ಮಾತ್ರ ಹಾಗೆಯೇ ಬಿಡದೆ ದುರಸ್ತಿ ಮಾಡಬೇಕು. ಆನೋಡಿನ ಗುಳ್ಳೆಗೆ ಈ ರಿಯಾಯಿತಿ ಇಲ್ಲ.

ದುರಸ್ತಿಯಲ್ಲಿ ಸಾಮಾನ್ಯವಾಗಿ ಆಗುವ ಲೋಪವೆಂದರೆ ಕಣ್ಣಿಗೆ ಕಂಡ ಗುಳ್ಳೆಯಷ್ಟನ್ನೇ ತೆಗೆಯುವುದು. ಅಂಟು ಬಿಟ್ಟ ವಲಯ ಗುಳ್ಳೆಯ ಅಂಚಿನಾಚೆಗೂ ಹಬ್ಬಿರುತ್ತದೆ. ಚಾಕುವಿನ ಮೊನೆಯಿಂದ ಎಬ್ಬಿದರೂ ಏಳದಂತಹ ಗಟ್ಟಿ ಅಂಚು ಸಿಗುವವರೆಗೆ ಕೆರೆದು, ಆ ಅಂಚನ್ನು ಇಳಿಜಾರಾಗಿ ಉಜ್ಜಿ, ಕ್ಷಾರವನ್ನೂ ಉಪ್ಪನ್ನೂ ಸಿಹಿನೀರಿನಿಂದ ತೊಳೆದು, ಪಿಎಚ್ ಮತ್ತು ಲವಣವನ್ನು ಮತ್ತೊಮ್ಮೆ ಅಳೆಯಬೇಕು. ಬಳಿಯುವ ಹೊತ್ತಿನಲ್ಲಿ ಲೋಹದ ಉಷ್ಣತೆ ಇಬ್ಬನಿ ಬಿಂದುವಿಗಿಂತ, ಅಂದರೆ ಗಾಳಿಯ ತೇವ ಹನಿಗಟ್ಟುವ ಉಷ್ಣತೆಗಿಂತ, ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು. ಅಮೈನ್ ಗಟ್ಟಿಕಾರಕವಿರುವ ಎಪಾಕ್ಸಿಯು ತಂಪು ಮತ್ತು ತೇವದ ಹವೆಯಲ್ಲಿ ಆರಿದಾಗ ಮೇಲೆ ಜಿಗುಟಾದ ಪದರ ಬಿಡುತ್ತದೆ. ಅದು ನೀರಿನಲ್ಲಿ ಕರಗುವಂಥದು, ಆದ್ದರಿಂದ ಮುಂದಿನ ಕೋಟಿಗೆ ಮೊದಲು ಬಿಸಿನೀರಿನಿಂದ ತೊಳೆದು ತೆಗೆಯದಿದ್ದರೆ ಎರಡು ಕೋಟುಗಳ ನಡುವೆ ಅಭಿಸರಣೆಯ ಗುಳ್ಳೆ ಹೊಸದಾಗಿ ಏಳುತ್ತದೆ. ಲೇಪನ ಪೂರ್ತಿ ಗಟ್ಟಿಯಾದ ಮೇಲೆ, ಮತ್ತೆ ನೀರು ತುಂಬುವ ಮುನ್ನ, ರಂಧ್ರಶೋಧಕದಿಂದ ಪರೀಕ್ಷಿಸಬೇಕು: 500 ಮೈಕ್ರಾನಿನವರೆಗಿನ ಪೊರೆಗೆ ಒದ್ದೆ ಸ್ಪಂಜಿನ ಕಡಿಮೆ ವೋಲ್ಟೇಜಿನದು, ಅದಕ್ಕಿಂತ ದಪ್ಪವಾದುದಕ್ಕೆ ಕಿಡಿ ಹಾರಿಸುವ ಅಧಿಕ ವೋಲ್ಟೇಜಿನದು.